ಗುರುಶಾಂತಪ್ಪನವರ ನೀರಿನ ಪಥ್ಯ
ಎನ್.ಆರ್.ಪುರದ ಬಟ್ಟೆ ಅಂಗಡಿ ಗುರುಶಾಂತಪ್ಪನವರಿಗೆ ತಮ್ಮ ಹೊಟ್ಟೆಯ ಕಾನೂನು ಇನ್ನೂ ತಲೆಗೆ ಹತ್ತಿಲ್ಲ. ಆಪರೇಷನ್‌ನಲ್ಲಿ ಸಣ್ಣ ಕರುಳು ಮುಕ್ಕಾಲು ಪಾಲು ಹೋಗಿ, ತಿಂದದ್ದು ಮೈಗೆ ಹತ್ತದೆ ಹಾಗೇ ಜಾರಿಹೋಗುತ್ತದೆ. ಅದನ್ನು ತಡೆಯಲು ಊಟಕ್ಕೆ ಮುಂಚೆ ಮಾತ್ರೆ, ಉಳಿದ ತುಂಡು ಕರುಳನ್ನು ಚುರುಕು ಮಾಡಲು ದಿನಾ ಹೊಟ್ಟೆಗೊಂದು ಇಂಜೆಕ್ಷನ್. ಅಲ್ಲಿಗೆ ಸರಿ. ಆದರೆ ಬಾಯಾರಿದವನು ಬರೀ ನೀರು ಕುಡಿಯಬಾರದು ಅಂದರೆ ಅದ್ಯಾವ ನ್ಯಾಯ? "ಒಂದು ಚೊಂಬು ಕುಡಿದ್ರೆ ಅರ್ಧ ದಿನ ಪಾಯಖಾನೇಲೇ ವಾಸ ಮಾರಾಯ, ಮೈಯಲ್ಲಿದ್ದ ನೀರೂ ಹೋಗ್ತದೆ. ಡಾಕ್ಟ್ರು ಎರಡು ಸಲ ಹೇಳಿದ್ರು, ನಂಗೆ ಎರಡು ಸಲವೂ ಗೊತ್ತಾಗ್ಲಿಲ್ಲ. ನಿಂಗೇನಾದ್ರೂ ಗೊತ್ತಾಯ್ತಾ?" ಎಂದು ಪಂಚೆ ಹರವುತ್ತಲೇ ಗಿರಾಕಿಗಳನ್ನೇ ವಿಚಾರಿಸುತ್ತಾರೆ. ಉಪ್ಪು ಸಕ್ಕರೆಯ ಪುಡಿ ಕದಡಿದ ಬಾಟಲಿ ಸದಾ ಬಗಲಲ್ಲಿ. ಅದೂ ಗುಟುಕು ಗುಟುಕೇ. ಯಾರ ಮನೆಗೆ ಹೋದರೂ ಬೆಲ್ಲ, ನೀರು ಬರುತ್ತದಲ್ಲ, ಬೇಡ ಅಂದರೆ ಮುನಿಸು ಅಂದುಕೊಂಡಾರು ಎಂದು ಶರ್ಟೆತ್ತಿ ಇಂಜೆಕ್ಷನ್ ಗುರುತು ತೋರಿಸುತ್ತಾರೆ. ಮದುವೆ ಮನೆ, ಸಾವಿನ ಮನೆ ಎಂಬ ಭೇದವಿಲ್ಲ. ಮೊನ್ನೆ ಮುತ್ತಿನಕೊಪ್ಪದಲ್ಲಿ, "ನಿನ್ನ ಮನೆ ನೀರು ಮುಟ್ಟಲ್ಲ" ಎಂದು ಹಿಂದೊಮ್ಮೆ ಬೈದು ಬಂದಿದ್ದ ತಮ್ಮ ಶಿವರುದ್ರನ ಮೆಟ್ಟಿಲು ಹತ್ತಿದರು. ಶಿವರುದ್ರ ನೀರಿನ ಚೊಂಬು ತಂದಿಟ್ಟ. ಗುರುಶಾಂತಪ್ಪ ಶರ್ಟಿನ ಅಂಚು ಹಿಡಿದರು, ಬಿಟ್ಟರು. ಚೊಂಬೆತ್ತಿ ಗಟಗಟನೆ ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, "ಇನ್ನು ಬಸ್ ಹತ್ತೋ ಹಾಗಿಲ್ಲ ಮಾರಾಯ. ಸಂಜೆ ತನಕ ಇಲ್ಲೇ ಇರ್ತೀನಿ" ಎಂದರು.