ಕಾಕಾ ಕೇಳಿದ ಒಂದೇ ಸಾಕ್ಷಿ

ಕಳೆದ ವಾರ ಅಂಕಲಿ ದಾಟಿ ಬೈಕಿನಲ್ಲಿ ಬರುವಾಗ ರಸ್ತೆ ಪಕ್ಕದ ಹೊಂಡದಿಂದ ಸತ್ತ ಮೀನಿನ ನಾತ ಮೂಗಿಗೆ ಬಡಿಯಿತು. ಯಾರೋ ಏನೋ ಸುರಿದಿದ್ದರು. ನೀರಿನ ತುಂಬ ಬಿಳಿ ಹೊಟ್ಟೆಗಳು, ಅವುಗಳ ಮೇಲೆ ನೊಣ. ಬೈಕ್ ನಿಲ್ಲಿಸಿ ಅಲ್ಲೇ ವಾಂತಿ ಮಾಡಿಕೊಂಡೆ. ಅದು ಆ ನಾತಕ್ಕೋ, ಹದಿನೈದು ವರ್ಷದ ಹಿಂದೆ ನಾನೇ ಉಂಡ ಒಂದು ಊಟದ ನೆನಪಿಗೋ, ಹೇಳಲಾರೆ...

ಆಗ ನಾನು ರಾಯಬಾಗ ತಾಲೂಕಿನ ಒಂದು ಹಳ್ಳಿಯಲ್ಲಿ ಶಾಲೆ ಮಾಸ್ತರ. ನನ್ನ ಬಾಡಿಗೆ ಖೋಲಿಯ ಪಕ್ಕದ ಮನೆಯವರನ್ನು ಊರೆಲ್ಲ ಡ್ರೈವರ್ ಕಾಕಾ ಎನ್ನುತ್ತಿತ್ತು. ಬಸ್ಸು ಓಡಿಸಿ ನಿವೃತ್ತರಾದವರು. ಹೆಂಡತಿ ತೀರಿದ್ದರು, ಮಕ್ಕಳಿರಲಿಲ್ಲ. ತಮ್ಮನ ಮಗನನ್ನೇ ಹೆಗಲ ಮೇಲೆ ಹೊತ್ತು ಬೆಳೆಸಿದ್ದರು. ದೀಪಾವಳಿ ಮುಗಿದು ಚಳಿ ಶುರುವಾಯಿತೆಂದರೆ ರವಿವಾರ ಗಾಳ ಹಿಡಿದು ಊರ ಕೆರೆಗೆ ಹೊರಡುವರು. ಒಂದು ದಿನ ನನ್ನನ್ನೂ ಕರೆದರು.

ನಾನು ನಸುಕಿನಲ್ಲೇ ಎದ್ದು ಕೂತರೆ ಅವರು ನಕ್ಕುಬಿಟ್ಟರು. "ಎಲ್ಲಿಗಿ ಗಡಿಬಿಡಿ ಮಾಸ್ತರ್ರ? ಚಳಿಗೆ ಮೀನೂ ಮುದುಡಿ ತಳದಾಗ ಕುಂತಿರತೈತಿ. ಬಿಸಲ ಏರ್ಲಿ, ನೀರ ಬೆಚ್ಚಗಾಗ್ಲಿ."

ಮಂಜು ಹರಿದ ಮೇಲೆ, ಬಿಸಿಲು ಮೊದಲು ಬೀಳುವ ದಂಡೆಯಲ್ಲೇ ಕೂರುತ್ತಿದ್ದರು. ಮೀನು ಬಂದು ಸೇರಲೆಂದು ಶೇಂಗಾ ಹಿಂಡಿಯ ಉಂಡೆಯನ್ನು ಆಳದ ನೀರಿಗೆ ಎಸೆದು ಕಾಯುವರು. ಬೇಸಿಗೆಯ ದಪ್ಪ ಗಾಳ ಚಳಿಗೆ ಬೇಡ. ಸಣ್ಣ ಕೊಕ್ಕೆ, ಅರ್ಧ ಎರೆಹುಳು ಸಾಕು. ಗಾಳದ ದಾರಕ್ಕೆ ಕಟ್ಟಿದ ಜೋಳದ ದಂಟಿನ ಬೆಂಡು ನೀರಿನ ಮೇಲೆ ತೇಲುತ್ತಿತ್ತು. "ಅದು ಮುಳಗೂ ತನಾ ಕಾಯಬ್ಯಾಡ್ರಿ. ಈಗ ಮೀನಕ್ಕ ಹಸಿವಿ ಕಡಿಮಿ, ಮೆಲ್ಲಕ ಮೂಸತೈತಿ. ಬೆಂಡು ನಡುಗಿದ್ರ ಸಾಕು, ಎಳೀರಿ." ಅಂಗೈಗಿಂತ ಸಣ್ಣ ಮೀನು ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ ನೀರಿಗೇ ಬಿಡುವರು.

ಎರಡನೆಯ ವರ್ಷದ ಚಳಿಗಾಲ. ಕಾಕಾ ಕಣ್ಣು ತೋರಿಸಲು ಚಿಕ್ಕೋಡಿಗೆ ಹೋಗಿದ್ದರು. ನಾನೊಬ್ಬನೇ ಕೆರೆಯಲ್ಲಿ ಕೂತಿದ್ದಾಗ ಅವರ ತಮ್ಮನ ಮಗ ನಾಲ್ಕು ಗೆಳೆಯರೊಂದಿಗೆ ಬಂದ. ಅವರಿಗೆ ಯಾವುದೋ ಪಾರ್ಟಿಗೆ ಮೀನು ಬೇಕಿತ್ತು. ಬಾವಿಯ ಕಲ್ಲು ಒಡೆಯುವ ಜಿಲೆಟಿನ್ ಕಡ್ಡಿಗೆ ಬೆಂಕಿ ಹಚ್ಚಿ, ನನ್ನ ಕಣ್ಣೆದುರೇ ಆ ತಮ್ಮನ ಮಗ ನೀರಿಗೆ ಎಸೆದ. ನೆಲ ಅದುರಿತು. ಕೆಸರು ಎದ್ದು ನೀರು ಕದಡಿತು, ಆಮೇಲೆ ಮೀನುಗಳು ಒಂದೊಂದಾಗಿ ಮೇಲೆ ಬಂದವು. ಹೊಟ್ಟೆ ಒಡೆದವು, ಕಣ್ಣು ಹೊರಬಂದವು. ಬೆರಳುದ್ದದ ಮರಿಗಳಂತೂ ಲೆಕ್ಕವಿಲ್ಲ. ಅವರು ದೊಡ್ಡವನ್ನು ಆರಿಸಿ ಚೀಲ ತುಂಬಿಕೊಂಡರು. ಮರಿಗಳ ಮೇಲೆ ಚಪ್ಪಲಿ ಇಟ್ಟು ನಡೆದರು, ನಕ್ಕರು.

"ನೀವೂ ಒಯ್ರಿ ಮಾಸ್ತರ್" ಎಂದು ನನ್ನ ಕೈಗೂ ಒಂದು ಚೀಲ ಕೊಟ್ಟ. ಇಸಿದುಕೊಂಡೆ. ಮನೆಗೆ ಒಯ್ದು ಸಾರು ಮಾಡಿ ಉಂಡೆ... ರುಚಿಯಾಗಿಯೇ ಇತ್ತು. ಇವತ್ತಿಗೂ ಹೇಸಿಗೆಯಾಗುವುದು ಅದಕ್ಕೇ.

ಮಧ್ಯಾಹ್ನ ಊರಿಗೆ ಬಂದ ಕಾಕಾ ಸುದ್ದಿ ಕೇಳಿ ಕೆರೆಗೆ ನಡೆದರು. ನಾನೂ ಹಿಂದೆ ಹೋದೆ. ಅವರು ಪಂಚೆ ಮೊಳಕಾಲಿಗೆ ಎತ್ತಿ ಕಟ್ಟಿ ನೀರಿಗಿಳಿದು, ಕೆರೆಯ ನೀರು ಕೊಳೆಯದಿರಲೆಂದು ಸತ್ತ ಮರಿಗಳನ್ನು ಬುಟ್ಟಿಯಲ್ಲಿ ಬಳಿದು ತಂದು ದಂಡೆಯ ಗುಂಡಿಗೆ ಹಾಕುತ್ತಿದ್ದರು. "ಯಾರು?" ಎಂದರು. ಹೇಳಿದೆ. ಬುಟ್ಟಿ ಕೆಳಗಿಟ್ಟರು, ಆಮೇಲೆ ಮತ್ತೆ ಎತ್ತಿಕೊಂಡು ನೀರಿಗಿಳಿದರು.

ಮರುದಿನ ಹೋಗಿ ತಾವೇ ಸಾಕಿದ ಹುಡುಗನ ಹೆಸರು ಬರೆಸಿ, ಮಾಸ್ತರರು ನೋಡಿದ್ದಾರೆ ಎಂದು ಪೊಲೀಸರಿಗೆ ದೂರು ಕೊಟ್ಟು ಬಂದರು.

ಹವಾಲ್ದಾರ ಶಾಲೆಗೇ ಬಂದ. ಹುಡುಗನ ಅಪ್ಪ ನಮ್ಮ ಶಾಲಾ ಸಮಿತಿಯ ಅಧ್ಯಕ್ಷ. ಅವನೂ ಕುರ್ಚಿ ಎಳೆದುಕೊಂಡು ಕೂತಿದ್ದ. ಕಾಕಾ ಬಾಗಿಲ ಬಳಿ ನಿಂತಿದ್ದರು.

"ನೋಡೀರೇನ್ರಿ ಮಾಸ್ತರ್?" ಎಂದ ಹವಾಲ್ದಾರ.

"ಸಪ್ಪಳ ಕೇಳಿತ್ರಿ. ಯಾರಂತ ನೋಡ್ಲಿಲ್ಲ" ಎಂದೆ.

ಕಾಕಾ ನನ್ನ ಮುಖ ನೋಡಿದರು. "ಆತ್ ಬಿಡ್ರಿ" ಎಂದಷ್ಟೇ ಹೇಳಿ ಹೊರಟುಹೋದರು.

ಆಮೇಲೆ ತಮ್ಮನ ಮನೆಯವರು ಅವರೊಂದಿಗೆ ಮಾತು ಬಿಟ್ಟರು. ಮನೆಯ ಮಗನ ಮೇಲೆಯೇ ಸುಳ್ಳು ದೂರು ಕೊಟ್ಟ ಮುದುಕ ಎಂದು ಊರು ಆಡಿಕೊಂಡಿತು. ಅದೇ ಹುಡುಗನ ಮದುವೆಗೂ ಕರೆಯಲಿಲ್ಲ. ಅವರು ಕೆರೆಗೆ ಹೋಗುವುದನ್ನೇ ನಿಲ್ಲಿಸಿದರು. ನನಗೆ ಕಾಗವಾಡದ ಕಡೆ ವರ್ಗವಾದಾಗ ನನ್ನ ಟ್ರಂಕನ್ನು ಬಸ್ಸಿನವರೆಗೆ ತಾವೇ ಹೊತ್ತು ತಂದರು. "ಜ್ವಾಕೀಲೆ ಹೋಗಿ ಬರ್ರಿ" ಎಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ...

ಹೊಂಡದ ಬಳಿ ಬಾಯಿ ತೊಳೆದುಕೊಂಡವನು ಬೈಕನ್ನು ಆ ಹಳ್ಳಿಗೇ ತಿರುಗಿಸಿದೆ. ಕಾಕಾನ ಮನೆಗೆ ಕೀಲಿ ಹಾಕಿತ್ತು. ಅವರು ತೀರಿ ಎರಡು ಚಳಿಗಾಲವಾಯಿತಂತೆ. ಹೇಳಿದವನು ಅದೇ ತಮ್ಮನ ಮಗ. ಈಗ ಹೊಟ್ಟೆ ಬಂದಿದೆ, ತಲೆ ನೆರೆತಿದೆ. "ಬರ್ರಿ ಮಾಸ್ತರ್ರ, ಒಂದ್ ಕಪ್ ಚಾ ಕುಡೀರಿ. ಅವತ್ತ ನೀವು ನಮ್ ಮಾನ ಉಳಿಸಿದೋರು" ಎಂದು ಕೈ ಹಿಡಿದು ಕೂರಿಸಿದ.

ಕಾಕಾನ ಮುಂದೆ ನನ್ನ ಸುಳ್ಳನ್ನು ಒಪ್ಪಿಕೊಳ್ಳಲು ಬಂದಿದ್ದೆ. ಕೇಳಬೇಕಾಗಿದ್ದವರೇ ಇರಲಿಲ್ಲ. ಚಹಾ ಬಂತು, ಕುಡಿದೆ.