ಒಂದು ಬಾಣಲೆಗೆ ಎರಡು ಶುಂಠಿ

ಪಾಳ್ಯದ ಹತ್ತಿರ ಬಸ್ಸು ಕೆಟ್ಟು ನಿಂತಿತು. ರಸ್ತೆ ಬದಿಯ ಶುಂಠಿ ಹೊಲದ ಮನೆಯಲ್ಲಿ ನೀರು ಕೇಳಿದರೆ, ಸೊಸೆ ಸವಿತಾ ಊಟಕ್ಕೇ ಕೂರಿಸಿದಳು. ಒಲೆಯ ಪಕ್ಕ ಬೆಳಗ್ಗೆ ಮಿಕ್ಕಿದ್ದ ಒತ್ತು ಶಾವಿಗೆಯಿತ್ತು, ಜೊತೆಗೆ ಸೋಯಾ ಸಾಸಿನ ಬಾಟಲಿ.

"ಆ ಕರೀ ನೀರು ನಂಗೆ ಬ್ಯಾಡ," ಎಂದರು ಅವಳ ಅತ್ತೆ ನಿಂಗಮ್ಮ. "ಇದ್ಕೋಸ್ಕರ ಇನ್ನೊಂದು ಬುಡ ಕೆದಕಲ್ಲ ನಾನು."

ಯಾವ ಬುಡ ಎಂದೆ. ಸವಿತಾ ಎರಡು ಶುಂಠಿ ತೋರಿಸಿದಳು. ಒಂದು ಈ ಸಲದ ಎಳೆಯದು. ಇನ್ನೊಂದು ಬಿತ್ತನೆಗೆ ಹಾಕಿದ್ದ ಹಳೆಯದು.

"ಗಿಡ ಬಂದ್ಮೇಲೂ ಇದು ಮಣ್ಣಲ್ಲಿ ಹಂಗೇ ಇರ್ತೈತೆ ಕಣ್ರೀ. ಬುಡ ಕೆದಕಿ, ಗಿಡದ ಬೇರಿಗೆ ಪೆಟ್ಟಾಗ್ದಂಗೆ ಇದ್ನ ಬಿಡಿಸಿ ತೆಗೆಯೋದು ನಮ್ಮತ್ತೆಗೊಬ್ರಿಗೇ ಗೊತ್ತು."

ಹಳೆಯದನ್ನು ಬೆಳ್ಳುಳ್ಳಿಯೊಂದಿಗೆ ಜಜ್ಜಿ ಕಾದ ಎಣ್ಣೆಗೆ ಹಾಕಿದಳು. ಮೇಲೆ ಶಾವಿಗೆ, ಸೋಯಾ, ಕಾಳುಮೆಣಸು. ಒಲೆ ಆರಿಸಿದ ಮೇಲೆ ಎಳೆಯದನ್ನು ದಾರದಷ್ಟು ಸಣ್ಣಗೆ ಹೆಚ್ಚಿ ಉದುರಿಸಿ ನಿಂಬೆ ಹಿಂಡಿದಳು. ಹತ್ತು ನಿಮಿಷವೂ ಆಗಿರಲಿಲ್ಲ. ಹಳೆಯದರ ಖಾರ ಗಂಟಲಿಗೆ ಇಳಿಯಿತು, ಎಳೆಯದು ನಾಲಿಗೆಯ ಮೇಲೇ ಘಮ್ಮೆಂದಿತು. ಇಷ್ಟು ವರ್ಷ ಅಡುಗೆ ಮಾಡಿಯೂ ಶುಂಠಿ ಎಂದರೆ ಒಂದೇ ರುಚಿ ಅಂದುಕೊಂಡಿದ್ದೆನಲ್ಲ!

ನಿಂಗಮ್ಮ ಬಾಣಲೆಯಿಂದ ಒಂದೆಳೆ ಎತ್ತಿ ಬಾಯಿಗಿಟ್ಟರು. ಆಮೇಲೆ ಒಂದು ತುತ್ತು. ಕೈ ತೊಳೆದು ಹೊರಗೆ ಹೋದರು.

ಸ್ವಲ್ಪ ಹೊತ್ತಿಗೆ ಹೊಲದಿಂದ ಕೂಗು ಕೇಳಿತು: "ಸವಿತಾ, ನಾಳಿಕ್ಕೆ ಎಷ್ಟು ಬುಡ ಕೆದಕ್ಲಿ?"