ಕಟಿಂಗ್ ಅಂಗಡಿಯ ಕಾಕಾ ಮತ್ತು ಅಪ್ಪನ ಒಂದು ಮಾತು

ಮೊನ್ನೆ ಸೊಸೆ ಮೊಬೈಲಿನಲ್ಲಿ ಏನೋ ನೋಡಿ, ಮುಖಕ್ಕೆ ಬಹಳ ಒಳ್ಳೆಯದಂತೆ ಎಂದು ಕಿರಾಣಿ ಅಂಗಡಿಯಿಂದ ಸ್ಫಟಿಕದ ತುಂಡೊಂದನ್ನು ತಂದಿದ್ದಳು. ಒದ್ದೆ ಮಾಡಿ ಕೆನ್ನೆಗೆ ಉಜ್ಜಿಕೊಳ್ಳುತ್ತಿದ್ದರೆ ನನಗೆ ನಗು ತಡೆಯಲಾಗಲಿಲ್ಲ. ಅಯ್ಯೋ, ಅದು ಗಂಡಸರ ಗಡ್ಡ ಹೆರೆದ ಮೇಲೆ ಹಚ್ಚುವ ಕಲ್ಲು! ನಗುತ್ತಲೇ ಕೈಗೆತ್ತಿಕೊಂಡೆ... ತಣ್ಣಗಿತ್ತು. ಹಾವೇರಿಯ ನಮ್ಮ ಬಾಡಿಗೆ ಮನೆ, ಅದರ ಗೋಡೆಗೆ ಅಂಟಿಕೊಂಡಿದ್ದ ಕಟಿಂಗ್ ಅಂಗಡಿ, ಅಲ್ಲಿಯ ಕಾಕಾ, ಎಲ್ಲ ಒಮ್ಮೆಲೇ ನೆನಪಾಗಿ ನಗು ಅಲ್ಲಿಗೇ ನಿಂತಿತು.

ಕಾಕಾ ಅಂದರೆ ನಮಗೇನೂ ಸಂಬಂಧಿಯಲ್ಲ. ಪಕ್ಕದವನು, ಅಪ್ಪನಿಗಿಂತ ಒಂದೆರಡು ವರ್ಷ ಚಿಕ್ಕವನು. ಅಪ್ಪ ಹೈಸ್ಕೂಲಿನ ಮಾಸ್ತರು. ಅಂಗಡಿಗೆಂದು ಕಾಕಾ ತರಿಸುತ್ತಿದ್ದ ಪೇಪರು ಸಂಜೆ ನಮ್ಮ ಮನೆಗೆ ಬರುತ್ತಿತ್ತು. ಅದರೊಳಗೆ ಯಾರ್ಯಾರದೋ ಕೂದಲು, ಒಣಗಿದ ಸೋಪಿನ ನೊರೆ. ಅವ್ವ ಅದನ್ನು ಹೊಸ್ತಿಲಾಚೆ ನಾಲ್ಕು ಸಲ ಝಾಡಿಸದೆ ಒಳಗೆ ತರುತ್ತಿರಲಿಲ್ಲ.

ಕಾಕಾನ ಕತ್ತರಿಗಿಂತ ನಾಲಿಗೆ ಚುರುಕು. ಬೆಳಿಗ್ಗೆ ಮೊದಲು ಕುರ್ಚಿಗೆ ಕೂತವನ ಮಾತು ಸಂಜೆಯೊಳಗೆ ಕೊನೆಯವನ ಕಿವಿಗೆ ಬಿದ್ದಿರುತ್ತಿತ್ತು. ಆದರೆ ಒಂದು ನಿಯತ್ತಿತ್ತು, ಒಬ್ಬರ ಮಾತನ್ನು ತನ್ನದೆಂದು ಎಂದೂ ಹೇಳುತ್ತಿರಲಿಲ್ಲ. ಯಾರಂದರು, ಯಾವಾಗ ಅಂದರು, ಹೆಸರು ಹಿಡಿದೇ ಹೇಳುತ್ತಿದ್ದ.

ತುರ್ತುಪರಿಸ್ಥಿತಿ ಬಂತು. ಪೇಪರು ದಿನಾ ಬರುತ್ತಿತ್ತು, ಓದುವಂಥದ್ದು ಏನೂ ಇರುತ್ತಿರಲಿಲ್ಲ. ಜನ ಆಚೆ ಈಚೆ ನೋಡಿ ಮಾತಾಡುವುದನ್ನು ಕಲಿತರು. ಅಂಥದರಲ್ಲಿ ಒಂದು ರವಿವಾರ ಅಪ್ಪ ಗಡ್ಡ ಮಾಡಿಸಿಕೊಳ್ಳುತ್ತ ಕೂತು ಹೀಗೆಂದರಂತೆ: "ನಿನ್ನ ಕತ್ತಿ ಕುತಿಗಿ ಮ್ಯಾಲ ಇರೂತನಾ ನಾ ಪಿಟ್ ಅನ್ನಂಗಿಲ್ಲ ನೋಡು. ಈಗ ದೇಶಕ್ಕ ದೇಶಾನ ಹಿಂಗ ಕುಂತೈತಿ."

ಕಾಕಾ ಬಿದ್ದು ಬಿದ್ದು ನಕ್ಕ. ಆಮೇಲೆ ಕುರ್ಚಿಗೆ ಕೂತವರಿಗೆಲ್ಲ ಅದನ್ನೇ ಹೇಳಿದ. ಅಗಡಿ ಹಳ್ಳಿಯಿಂದ ಸಂತೆಗೆ ಬಂದವರಿಗೆ ಹೇಳಿದ, ಕೋರ್ಟಿನ ಗುಮಾಸ್ತರಿಗೆ ಹೇಳಿದ. "ನಮ್ಮ ಬಾಜೂ ಮನಿ ಮಾಸ್ತರ್ರು ಅಂದದ್ದ್ರಿ ಇದು, ಏನ್ ತಲಿರೀ ಅವರದು!" ಎಂದು ಅಭಿಮಾನದಿಂದ ಹೇಳಿದ. ಕೇಳಿದವರಲ್ಲಿ ಯಾವನೋ ಒಬ್ಬ ನಗಲಿಲ್ಲ.

ಒಂದು ನಸುಕಿನಲ್ಲಿ ಪೊಲೀಸರು ಬಂದು ಅಪ್ಪನನ್ನು ಕರೆದೊಯ್ದರು. ಅಪ್ಪ ಹಲ್ಲುಜ್ಜುತ್ತಿದ್ದರು. ಬಾಯಿ ಮುಕ್ಕಳಿಸಲು ಮಾತ್ರ ಬಿಟ್ಟರು... ದೂರದ ಜೈಲು. ಅವರು ಅಲ್ಲಿದ್ದಾಗಲೇ ಅಜ್ಜಿ ಹಾಸಿಗೆ ಹಿಡಿದಳು. ಕೊನೆಗಾಲದಲ್ಲಿ ಬಾಯಿಗೆ ನೀರು ಬಿಡಲು ಇದ್ದೊಬ್ಬ ಮಗ ಇರಲಿಲ್ಲ. ಅವ್ವ ಬಿಟ್ಟ ನೀರು ಕಟಬಾಯಿಯಿಂದ ಇಳಿದುಹೋಯಿತು. ಅಜ್ಜಿಯ ಕಣ್ಣು ಬಾಗಿಲ ಕಡೆಗೇ ಇತ್ತು. ಆಗ ನನಗೆ ಹದಿನೇಳು ವರ್ಷ. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಎಪ್ಪತ್ತೇಳರಲ್ಲಿ ಚುನಾವಣೆ ಎಂದು ಸಾರಿದರು, ಜೈಲಿನಲ್ಲಿದ್ದವರನ್ನು ಬಿಡತೊಡಗಿದರು. ಅಪ್ಪ ಎದೆಯುದ್ದ ಗಡ್ಡ ಬಿಟ್ಟುಕೊಂಡು ಮನೆಗೆ ಬಂದರು. ಮಾರನೆಯ ದಿನ ಬೆಳಿಗ್ಗೆ ಕಾಕಾ ತನ್ನ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಒಳಗೆ ಬರಲಿಲ್ಲ.

"ಸರ, ಆ ಮಾತು ಊರ ತುಂಬಾ ಹೇಳಿದಾಂವ ನಾನ ರೀ. ನಿಮ್ಮ ಹೆಸರು ಹಿಡದ ಹೇಳೇನಿ. ನಿಮ್ಮ ಅವ್ವಾರು ಹೋಗೂ ಮುಂದ ನೀವು ಇಲ್ಲದಂಗ ಮಾಡಿದಾಂವ ನಾನ."

ಅಪ್ಪ ಕಣ್ಣೊರೆಸಿಕೊಂಡರು. ಆಮೇಲೆ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಗದ್ದ ಮೇಲೆತ್ತಿದರು. "ಮದಲ ಈ ಗಡ್ಡ ತಗಿಯೋ ಮಾರಾಯ. ತುರಿಕಿ ತಡ್ಯಾಕಾಗವಲ್ದು." ಕಾಕಾ ಅಳುತ್ತಲೇ ಕತ್ತಿ ಮಸೆದ. ಅಪ್ಪನಿಗೆ ಅಷ್ಟರಲ್ಲೇ ಮುಗಿಯಿತು.

ಓಟಿನ ದಿನ ಇಬ್ಬರೂ ಜೊತೆಗೇ ಶಾಲೆಗೆ ಹೋಗಿ ಸರತಿಯಲ್ಲಿ ನಿಂತು ಬಂದರು. ದೆಹಲಿಯಲ್ಲಿ ಸರ್ಕಾರ ಬದಲಾಯಿತು. ಊರಿಗೆ ಊರೇ ಬಾಯಿ ಬಿಟ್ಟು ಮಾತಾಡತೊಡಗಿತು, ಚಹಾದಂಗಡಿಗಳಲ್ಲಿ ಜಗಳವೋ ಜಗಳ. ಕಾಕಾ ಮಾತ್ರ ಬಾಯಿ ತೆರೆಯಲಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ದಾಟಿಸುವುದನ್ನು ನಿಲ್ಲಿಸಿಯೇಬಿಟ್ಟ. "ಈಗರೆ ಮಾತಾಡೋ, ಯಾರ ಹೆದರಿಕೀನೂ ಇಲ್ಲ" ಎಂದು ಅಪ್ಪ ಛೇಡಿಸಿದರೆ, "ಬ್ಯಾಡ್ರೀ ಸರ" ಎಂದಷ್ಟೇ ಹೇಳಿ ಬಾಚಣಿಗೆ ಹಿಡಿಯುತ್ತಿದ್ದ. ಹರಟೆಗೆಂದೇ ಬರುತ್ತಿದ್ದ ಗಿರಾಕಿಗಳು ಬೇರೆ ಅಂಗಡಿ ಹುಡುಕಿಕೊಂಡರು.

ಅಂಥವನು ತಾನಾಗಿ ಮಾತಾಡಿಸುತ್ತಿದ್ದದ್ದು ನನ್ನೊಬ್ಬಳನ್ನೇ. ಕಾಲೇಜಿಗೆ ಹೋಗುವಾಗ ಅಂಗಡಿಯ ಮೆಟ್ಟಿಲಿಗೆ ಬಂದು, "ಆರಾಮ ಅದಿಯೇನವಾ?" ಎನ್ನುತ್ತಿದ್ದ. ನಾನು ಮುಖ ತಿರುಗಿಸಿ ನಡೆಯುತ್ತಿದ್ದೆ. ಅಪ್ಪ ಕ್ಷಮಿಸಿದರೆ ಅದು ಅಪ್ಪನ ದೊಡ್ಡತನ, ಅಜ್ಜಿಯ ಪರವಾಗಿ ಕ್ಷಮಿಸಲು ಇವರ್ಯಾರು ಎಂಬ ಸಿಟ್ಟು ನನಗೆ. ನನ್ನ ಮದುವೆಯಲ್ಲಿ ಅಕ್ಷತೆ ಹಾಕಲು ಬಂದ, ನಾನು ತಲೆ ಎತ್ತಲಿಲ್ಲ. ರಾಣೆಬೆನ್ನೂರಿನ ಗಂಡನ ಮನೆಯಿಂದ ತವರಿಗೆ ಬಂದಾಗಲೆಲ್ಲ ಅದೇ ಮೆಟ್ಟಿಲು, ಅದೇ ಪ್ರಶ್ನೆ. ಮಗನನ್ನು ಎತ್ತಿಕೊಂಡು ಬಂದಾಗಲೂ ಕೇಳಿದ. ಆಗಲೂ ನಾನು ಹೂಂ ಅನ್ನಲಿಲ್ಲ. ಎಂಥ ಹಟಮಾರಿ ನಾನು! ದೇಶಕ್ಕೆ ಎರಡು ವರ್ಷದೊಳಗೆ ಮುಗಿದದ್ದನ್ನು ನಾನು ನಮ್ಮ ಓಣಿಯಲ್ಲಿ ಒಬ್ಬಳೇ ಇಪ್ಪತ್ತು ವರ್ಷ ನಡೆಸಿದೆ.

ಆಮೇಲೊಂದು ದಿನ ಅಪ್ಪ ಫೋನ್ ಮಾಡಿದರು. "ಕಾಕಾ ಹೋದನವ್ವಾ." ನಾನು ಹೌದೇನು ಎಂದೆ, ಅವ್ವನ ಮಂಡಿನೋವು ಹೇಗಿದೆ ಎಂದು ಕೇಳಿದೆ. ಅಪ್ಪ ಮತ್ತೆ ಕಾಕಾನ ಮಾತಿಗೇ ಬಂದರು. "ನಿನ್ನೆ ಸಂಜಿಗೂ ನಿನ್ನ ಕೇಳಿದ್ದ. ಆರಾಮ ಅದಾಳ ಅಂತ ನಾನ ಹೇಳಿದೆ. ಇಷ್ಟು ವರ್ಷ ನಿನ್ನ ಹೆಸರಿಲೆ ನಾನ ಹೇಳಕೋತ ಬಂದೇನಿ" ಎಂದು ಫೋನ್ ಇಟ್ಟರು.

ಈಗ ಅಪ್ಪನೂ ಇಲ್ಲ. ಕಾಕಾನ ಅಂಗಡಿ ಇದ್ದಲ್ಲಿ ಮೊಬೈಲ್ ರಿಪೇರಿಯವನಿದ್ದಾನೆ, ಮೆಟ್ಟಿಲನ್ನು ಒಡೆದು ಗಟಾರ ಕಟ್ಟಿದ್ದಾರೆ. ನಿನ್ನೆ ಹಾವೇರಿಗೆ ಹೋದಾಗ ಸುಮ್ಮನೆ ಅದರೆದುರು ನಿಂತೆ. ಹುಡುಗ ಏನು ಬೇಕ್ರಿ ಅಮ್ಮಾರ ಎಂದ. ಏನೂ ಬೇಡವೆಂದೆ. ನನ್ನದು ತಪ್ಪಾಯಿತು ಕಾಕಾ ಎಂದು ಹೇಳಬೇಕಿತ್ತು, ಅದನ್ನು ಆ ಹುಡುಗನಿಗೆ ಹೇಗೆ ಹೇಳಲಿ?